ಕಡ ತಂದ ಕಾಯಿ

ಉಪ್ಪುನೀರ ಗದ್ದೆಯ ಕಗ್ಗದ ಭತ್ತ ಕೊಯ್ದು ಮನೆ ಸೇರಿತ್ತು. ಚಳಿ ಶುರುವಾಗಿತ್ತು. ಬೆಳಗಿನ ಇಳಿತಕ್ಕೆ ಅಘನಾಶಿನಿಯ ನೀರು ಹಿಂದೆ ಸರಿದಾಗ, ಕಾಗಾಲದ ಹೆಂಗಸರೆಲ್ಲ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಆದರೆ ಆ ದಿನ ಯಾರ ಬುಟ್ಟಿಯೂ ತುಂಬಲಿಲ್ಲ. ಎಲ್ಲರ ಕಣ್ಣು ಹೊಳೆಯ ಮೇಲಿತ್ತು. ಎಳ್ಳಮಾವಾಸ್ಯೆಯ ತೀರ್ಥಸ್ನಾನ! ದೋಣಿಗಳ ಮೇಲೆ ದೋಣಿ ಬರುತ್ತಿದ್ದವು.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಮೂರು ವರ್ಷವಾಗಿತ್ತು. ಸರಕಾರ ಬದಲಾದರೂ ತೀರ್ಥದ ಪದ್ಧತಿ ಬದಲಾಗಿರಲಿಲ್ಲ. ಭರತ ತುಂಬಿ ಸಮುದ್ರದ ನೀರು ಹೊಳೆಯೊಳಗೆ ನುಗ್ಗಿದಾಗ ಮುಳುಗಬೇಕು. ದಡದ ಕಲ್ಲಿಗೆ ಕಾಯಿ ಒಡೆದು ಒಂದು ಹೋಳು ಹೊಳೆಗೆ ಬಿಡಬೇಕು, ಇನ್ನೊಂದನ್ನು ಮನೆಗೆ ತರಬೇಕು.

ಹತ್ತೂವರೆಯ ಹೊತ್ತಿಗೆ ಗಂಗೆ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ದಡದಲ್ಲಿ ಅವಳ ಅಜ್ಜಿ ದೇವಿ ಒಣಸೀರೆ ಹಿಡಿದು ಕಾಯುತ್ತಿದ್ದಳು. ಹರಕೆ ಅಜ್ಜಿಯದು. ಮೊಮ್ಮಗಳ ಮದುವೆಗೆ.

ಒಂದು ಮುಳುಗು... ಎರಡು... ಮೂರನೆಯದಕ್ಕೆ ಸೆರಗು ಬಿಚ್ಚಿತು. ಸೆರಗು ಹಿಡಿಯಲು ಹೋದರೆ ಕೈಯ ಕಾಯಿ ಜಾರಿತು!

"ಅಯ್ಯೋ... ನನ್ನ ಕಾಯಿ!"

ಅದು ಸಮುದ್ರದ ಕಡೆಗೆ ಹೋಗಲಿಲ್ಲ. ಭರತದ ನೀರಿನ ಜೊತೆ ಕುಣಿಯುತ್ತ ಹೊಳೆಯ ಮೇಲ್ಗಡೆ, ಮಿರ್ಜಾನಿನ ದಿಕ್ಕಿಗೆ ಹೊರಟಿತು.

ಪಕ್ಕದಲ್ಲಿ ಯಾರೋ ನಕ್ಕರು.

"ಹೆದರ್ಬೇಡ. ಸಂಜೆ ಇಳಿತಕ್ಕೆ ವಾಪಸ್ ಬತ್ತದೆ. ಅಲ್ಲೀವರೆಗೆ ಹೀಗೇ ನಿಂತಿರು."

ತಿರುಗಿದರೆ ಒಬ್ಬ ಯುವಕ. ಉದ್ದ ತೋಳು, ಬೆರಳ ತುಂಬ ಹಗ್ಗ ಉಜ್ಜಿದ ಗೆರೆಗಳು, ಮುಖದ ತುಂಬ ನಗು.

"ಸಂಜೆವರೆಗೆ ನಿಂತ್ರೆ ನನ್ನ ಕಾಲಿಗೇ ಬಳಚು ಹುಟ್ತದೆ! ನಗೂದು ಬಿಟ್ಟು ಈಜೂಕೆ ಬಂದ್ರೆ ಹಿಡೀರಿ."

"ಅದೀಗ ನನ್ನ ಕೈಗೂ ಸಿಕ್ಕೂದಿಲ್ಲ. ತಕಾ, ಇದನ್ನ ಒಡಿ." ತನ್ನ ಕೈಯಲ್ಲಿದ್ದ ಕಾಯಿಯನ್ನು ಚಾಚಿದ.

"ನಿಮ್ಮ ಹರಕೆ?"

"ಅಮ್ಮಂದು. ಒಂದು ವರ್ಷ ತಡೀತದೆ."

"ಎಂತಾ ಹರಕೆ?"

ಅವನ ಕಿವಿ ಕೆಂಪಾಯಿತು. "ಅದೆಲ್ಲ ಹೇಳೂಕಾಗ."

ಗಂಗೆ ದಡದ ಕಲ್ಲಿಗೆ ಹೊಡೆದು ಕಾಯಿ ಒಡೆದಳು. ಅಳೆದು ಕೊಯ್ದಂತೆ ಎರಡು ಸಮ ಹೋಳು!

"ಬಪ್ಪ ವರ್ಷದ ತೀರ್ಥಕ್ಕೆ ನಿಮ್ಮ ಕಾಯಿ ವಾಪಸ್ ಕೊಡ್ತೆ. ಕಡ ಇಟ್ಕಳೂ ಜನ ಅಲ್ಲ ನಾವು."

"ಆತು. ಹೊನ್ನಾವರದ ಮಾಬ್ಲೇಶ್ವರ ಅಂದ್ರೆ ಸಾಕು. ದೋಣಿ ಹೊಲಿಯೂನು."

ಜನರ ಗದ್ದಲದಲ್ಲಿ ಏನೂ ಕಾಣದಿದ್ದ ಅಜ್ಜಿಗೆ ವಿಷಯ ತಿಳಿದಿದ್ದು ಮನೆಗೆ ಬಂದು ಆ ಹೋಳನ್ನು ತುರಿಯುವಾಗ. ತುರಿಮಣೆ ಅಲ್ಲೇ ನಿಂತಿತು.

"ಕಡ ತಂದ ಕಾಯಿಯಾ? ಹುಚ್ಚಿ! ಫಲ ಕಾಯಿ ಯಾರದ್ದೋ ಅವಂಗೆ ಹೋತದೆ! ನಿನ್ನ ಮದ್ವೆ ಹರಕೆಗೆ ಇನ್ನು ಅವನ ಮದ್ವೆ ಆತದೆ, ನೋಡ್ತಿರು. ಕಾಯಿ ತೀರ್ಸೂವರೆಗೆ ನಿಂಗೆ ಯಾವ ಸಂಬಂಧಾನೂ ನೋಡೂಹಂಗಿಲ್ಲ."

ಗಂಗೆ ತಲೆ ತಗ್ಗಿಸಿದಳು. ಅಜ್ಜಿ ಅದನ್ನು ಪಶ್ಚಾತ್ತಾಪ ಎಂದುಕೊಂಡಳು. ನಗು ಎಂದು ಗೊತ್ತಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಮಾಬ್ಲೇಶ್ವರ ಕಾಗಾಲಕ್ಕೇ ಬಂದ. ಗಂಗೆಯ ಅಪ್ಪ ರಮಾನಂದನ ದೋಣಿಯ ಹೊಲಿಗೆ ಬಿಟ್ಟಿತ್ತು. ನಾಲ್ಕು ದಿನದ ಕೆಲಸ.

ದೋಣಿ ಹೊಲಿಯುವುದೆಂದರೆ ಒಬ್ಬರ ಕೆಲಸವಲ್ಲ. ಬೋರಲು ಹಾಕಿದ ದೋಣಿಯೊಳಗೆ ಒಬ್ಬರು ಕುಳಿತು ಹಲಗೆಯ ತೂತಿನಲ್ಲಿ ಕತ್ತದ ಹಗ್ಗ ದೂಡಬೇಕು. ಹೊರಗಿನವರು ಎಳೆದು ಬಿಗಿಯಬೇಕು. ಅಪ್ಪನಿಗೆ ಬೆನ್ನು ಬಗ್ಗುತ್ತಿರಲಿಲ್ಲ. ಗಂಗೆಯೇ ಒಳಗೆ ಕುಳಿತಳು.

ಮುಖ ಕಾಣುತ್ತಿರಲಿಲ್ಲ. ಹಗ್ಗ ಹೋಗುತ್ತಿತ್ತು, ಹಗ್ಗ ಬರುತ್ತಿತ್ತು. ತೂತಿನಿಂದ ಮಾತೂ ಬರುತ್ತಿತ್ತು.

"ಸಡ್ಲ ಬಿಡು."

"ಬಿಟ್ಟೆ."

"ಗಂಗೆ ಅಂದ್ರೆ ಹೊಳೆ. ಹೊಳೆ ದೋಣಿ ಒಳಗೆ ಕೂತ್ರೆ ದೋಣಿ ಮುಳುಗ್ತದೆ ಗೊತ್ತಿದ್ಯಾ?"

"ನಿಮ್ಮ ಹೊಲಿಗೆ ಸಮ ಇದ್ರೆ ಹೊಳೆ ಒಳಗೆ ಬಪ್ಪೂದೇ ಇಲ್ಲ!"

ಹೊರಗೆ ಜೋರು ನಗು. ಒಳಗೆ ಕತ್ತಲಲ್ಲಿ ಗಂಗೆ ತನ್ನ ಕೆನ್ನೆ ಮುಟ್ಟಿಕೊಂಡಳು. ಬಿಸಿಯಾಗಿತ್ತು...

ನಾಲ್ಕನೆಯ ದಿನ ಅಜ್ಜಿ ಒಂದು ಕಾಯಿ ತಂದು ಮೊಮ್ಮಗಳ ಕೈಗಿಟ್ಟಳು. "ಕೊಡು, ಈಗ್ಲೇ ತೀರ್ಸು."

ಮಾಬ್ಲೇಶ್ವರ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಗುಳುಗುಳು ಎಂದಿದ್ದು ಅಂಗಳಕ್ಕೆಲ್ಲ ಕೇಳಿತು.

"ನೀರೇ ಇಲ್ಲ ಅಜ್ಜಿ ಇದ್ರಲ್ಲಿ. ತೀರ್ಥಕ್ಕೇ ಕೊಡ್ಲಿ."

ಹಾಗೆಂದು ಗಂಗೆಯನ್ನು ನೋಡಿದ. ಅವಳು ನೋಡಿದ್ದು ಅಂಗಳದ ತುಳಸಿಯನ್ನು. ಅವನು ಹೊಳೆಯ ತಿರುವು ದಾಟುವವರೆಗೂ ತುಳಸಿಯನ್ನೇ ನೋಡುತ್ತಿದ್ದಳು.

ಕಾರ್ತಿಕದಲ್ಲಿ ಬಾಡ ಊರಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ವೆಂಕಟ, ಕುಮಟೆಯಲ್ಲಿ ಕಿರಾಣಿ ಅಂಗಡಿ. ಅಪ್ಪನಿಗೆ ಮನಸ್ಸಿತ್ತು. "ಕಾಯಿ ತೀರಿದ ಮರುದಿನ ವೀಳ್ಯ" ಎಂದಳು ಅಜ್ಜಿ.

ಗಂಗೆಗೆ ಚಿಂತೆಯಾಗಲಿಲ್ಲ. ಕಾಯಿ ತೀರಿದರೆ ತಾನೇ?

ಆದರೆ ತೀರ್ಥಕ್ಕೆ ಎಂಟು ದಿನವಿರುವಾಗ ಹೊನ್ನಾವರಕ್ಕೆ ಹೋಗಿದ್ದ ನೆರೆಮನೆಯ ಮಾದೇವಿ ಸುದ್ದಿ ತಂದಳು.

"ನಿಮ್ಮನೆ ದೋಣಿ ಹೊಲಿದ್ನಲ್ಲ, ಆ ಮಾಬ್ಲೇಶ್ವರ... ಅವನ ಅಂಗಳಕ್ಕೆ ಚಪ್ಪರ ಬಿದ್ದದೆ! ಹೊಸ ತೆಂಗಿನ ಮಡ್ಲು ಹೆಣೆದು ಹಾಕಿದ್ರು. ಮಾವಿನ ತೋರಣ ಬೇರೆ. ದೋಣಿ ಮೇಲಿಂದ ಕಂಡೆ."

ಬಳಚು ಬಿಡಿಸುತ್ತಿದ್ದ ಗಂಗೆಯ ಬೆರಳಿಗೆ ಚಿಪ್ಪು ತಾಗಿತು.

"ನಾನು ಹೇಳ್ಲಿಲ್ವಾ? ಹರಕೆ ಅವಂಗೇ ಹೋತು!" ಅಜ್ಜಿಗೆ ತನ್ನ ಮಾತು ನಿಜವಾದ ಖುಷಿ.

ಗಂಗೆ ಆ ಬೆರಳನ್ನು ಬಾಯಿಗಿಟ್ಟುಕೊಂಡಳು. 'ನನ್ನ ಕೈಯಾರೆ ಒಡೆದು, ನನ್ನ ಕೈಯಾರೆ ಹೊಳೆಗೆ ಬಿಟ್ಟು, ಅವರಿಗೆ ಹೆಂಡತಿ ತಂದುಕೊಟ್ಟೆನಲ್ಲ...'

ತೀರ್ಥದ ದಿನ ಮನೆಯ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಆರಿಸಿಕೊಂಡಳು. ನೀರು ತುಂಬಿದ್ದು. ಈ ಸಲ ನೆಪ ಹೇಳುವಂತಿರಬಾರದು.

ಹೊಳೆ ಸಮುದ್ರ ಸೇರುವ ಸಂಗಮದ ದಡದಲ್ಲಿ ಮಂಡಕ್ಕಿಯ ರಾಶಿ, ಬಳೆಗಾರರ ಮಲಾರ, ಕಬ್ಬಿನ ಕಟ್ಟು, ಮಿಠಾಯಿಯ ಸುತ್ತ ಮಕ್ಕಳ ಗದ್ದಲ. ಮಾಬ್ಲೇಶ್ವರ ಹಿಂದಿನ ವರ್ಷದ ಕಲ್ಲಿನ ಹತ್ತಿರವೇ ನಿಂತಿದ್ದ. ಅವಳನ್ನು ಕಂಡು ಮುಖ ಅರಳಿತು.

ಗಂಗೆ ಕಾಯಿಯನ್ನು ಅವನ ಎದೆಗೆ ದೂಡಿದಳು. "ತಕಳಿ. ತೀರ್ತು!"

"ಎಂತಾತು ನಿಂಗೆ?"

"ನಂಗೆಂತಾ ಆಪ್ದು? ಆದ್ದು ನಿಮಗೆ. ಮದ್ವೆ ಚಪ್ಪರ ಹಾಕ್ಕಂಡು, ಒಂದು ಮಾತು ಕರೀಲೂ ಇಲ್ಲ..."

"ಮದ್ವೆ ಚಪ್ಪರವಾ? ಎಲ್ಲಿ?"

"ನಿಮ್ಮನೆ ಅಂಗಳದಲ್ಲಿ! ಮಾದೇವಿ ಕಂಡಿದ್ದಾಳೆ. ತೋರಣ ಕಟ್ಟಿದ್ದು ಸುಳ್ಳಾ?"

ಅವನು ಕೈಯ ಕಾಯಿಯನ್ನೂ ಅವಳ ಮುಖವನ್ನೂ ನೋಡಿದ. ಆಮೇಲೆ ನಗತೊಡಗಿದ. ನಗುತ್ತ ನಗುತ್ತ ಅದೇ ಕಲ್ಲಿನ ಮೇಲೆ ಕುಳಿತುಬಿಟ್ಟ.

"ಅದು ದೋಣಿ ಚಪ್ಪರ ಮಾರಾಯ್ತಿ! ಹೊಸ ದೋಣಿ ಕಟ್ತಿದ್ದೆ. ಹಲಗೆ ಬಿಸ್ಲಿಗೆ ಬಿರೀತದೆ ಅಂತ ಮಡ್ಲು ಹಾಕಿದ್ದು. ತೋರಣ ಪೂಜೆಗೆ. ಮಾದೇವಿ ಇನ್ನೊಂದು ಚೂರು ಬಗ್ಗಿದ್ರೆ ಒಳಗೆ ಮದಿಮಗಳು ಬೋರಲು ಬಿದ್ದದ್ದು ಕಾಣ್ತಿತ್ತು!"

ಗಂಗೆಗೆ ನಗು ಬಂತು. ಜೊತೆಗೇ ಕಣ್ಣೀರೂ ಬಂತು. ಯಾವುದನ್ನು ಮೊದಲು ಒರೆಸಬೇಕೋ ತಿಳಿಯಲಿಲ್ಲ.

ಅವನ ದನಿ ಮೆತ್ತಗಾಯಿತು.

"ಅರ್ಧ ಹೊಲಿದು ನಿಲ್ಸಿದ್ದೆ. ಒಳಗೆ ಕೂತು ಹಗ್ಗ ಕೊಡೂಕೆ ಜನ ಇಲ್ಲ."

"ಹೊನ್ನಾವರದಲ್ಲಿ ಅಷ್ಟು ಜನ ಇಲ್ವಾ?"

"ಅವ್ರೆಲ್ಲ ಹಗ್ಗ ಕೊಡ್ತ್ರು. ಮಾತು ಕೊಡೂದಿಲ್ಲ."

ಗಂಗೆ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೋದ ವರ್ಷ ಎಂತಾ ಹರಕೆ ಅಂತ ಕೇಳಿದ್ದೆ ನೀನು," ಎಂದ ಮಾಬ್ಲೇಶ್ವರ. "ನನ್ನ ಮದ್ವೆದೇ. ನಿನ್ನ ಅಜ್ಜಿದೂ ಅದೇ ಅಂತ ಆಮೇಲೆ ತಿಳೀತು. ಎರಡು ಹರಕೆಗೆ ಒಂದೇ ಕಾಯಿ ಆತು ಗಂಗೆ. ಇದನ್ನ ನಾ ವಾಪಸ್ ತಕಂಡ್ರೆ ಲೆಕ್ಕ ಬೇರೆ ಆತದೆ. ನಿಂಗೊಂದು ಮದ್ವೆ, ನಂಗೊಂದು ಮದ್ವೆ..."

ಕಾಯಿಯನ್ನು ಅವಳ ಕೈಗೇ ಮರಳಿಸಿದ.

"ನಂಗೆ ಎರಡು ಬೇಡ. ಒಂದೇ ಸಾಕು. ಸಾಲ ಹಾಗೇ ಇರ್ಲಿ."

ಹೊಳೆ ತುಂಬುತ್ತಿತ್ತು. ಜನ ಮುಳುಗಿ ಏಳುತ್ತಿದ್ದರು. ದಡದ ಮೇಲಿಂದ ಅಜ್ಜಿ ಕೂಗಿದಳು.

"ಏ ಗಂಗೇ! ತೀರ್ಸಿದ್ಯಾ ಇಲ್ವಾ?"

ಗಂಗೆ ಕಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು.

"ಇಲ್ಲ ಅಜ್ಜೀ! ಅವ್ರು ತಕಳೂದಿಲ್ಲ ಅಂತ್ರು!"

"ಮತ್ತೆ ಎಂತಾ ಮಾಡ್ಬೇಕಂತೆ?"

"ಅವ್ರ ಮನೇಲೇ ಇದ್ಕಂಡು ತೀರ್ಸ್ಬೇಕಂತೆ..."

ಅಜ್ಜಿ ಒಣಸೀರೆ ಹಿಡಿದುಕೊಂಡೇ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗಲ್ಲದ ಮೇಲೆ ಬೆರಳಿಟ್ಟಳು.

"ಹಂಗಾರೆ ಆ ಕಾಯಿ ನೀರಿಗೆ ಹಾಕ್ಬೇಡ, ಇಲ್ಲಿ ತಾ. ಬಾಡದವ್ರಿಗೆ ನಾ ಹೇಳ್ಕಳ್ತೆ. ವೀಳ್ಯದ ದಿನ ಪಾಯಸಕ್ಕಾತು!"

ಮಾಬ್ಲೇಶ್ವರ ನಕ್ಕ. ಗಂಗೆ ಅವನ ಕಡೆ ತಿರುಗದೆಯೇ ಕೇಳಿದಳು.

"ಎಷ್ಟು ವರ್ಷ ಬೇಕು ತೀರೂಕೆ?"

"ಹೊಲಿಗೆ ಎಷ್ಟು ದಿನ ತಡೀತದೋ, ಅಷ್ಟು."

"ನಿಮ್ಮ ಹೊಲಿಗೆ ಬಿಡೂದೇ ಇಲ್ವಲ್ಲ..."

"ಅದ್ಕೇ ಹೇಳಿದ್ದು."