ಸೋಮಯ್ಯ ಕಾಣದ ಎರಡನೇ ಕೇಬಲ್

ಕ್ಷಮಿಸಿ. ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ನೆಟ್‌ವರ್ಕಿಂಗ್ ಅನ್ನು ಸಂಜೆ ಕ್ಲಾಸಿನಲ್ಲಿ ಕಲಿತವಳು ನಾನು. ಆದರೆ ನೋಡಿ, ಕುತ್ತಿಗೆ ಹತ್ತಿರ ಕಟರ್ ಬಂದಾಗ ಯಾರೂ ಸರ್ಟಿಫಿಕೇಟ್ ಕೇಳೋದಿಲ್ಲ!

"ಅಲ್ಲಾಡಬ್ಯಾಡ ಕಣಮ್ಮಿ!"

ಮೇಸ್ತ್ರಿ ಸೋಮಯ್ಯ. ಗುಂಡ್ಲುಪೇಟೆಯ ಅರಿಶಿನದ ಗೋಡೌನು. ಮಟಮಟ ಮಧ್ಯಾಹ್ನ. ನಾನು ಕ್ಯಾಮರಾ ಸರ್ವಿಸ್‌ಗೆ ಅಂತ ಬಂದರೆ, ಇವನ ಆಳುಗಳು ಲಾರಿಗೆ ಮೂಟೆ ತುಂಬುತ್ತಿದ್ದಾರೆ!

ಕದಿಯೋದು ಇವನು. ಅನುಮಾನ ವಾಚ್‌ಮನ್ ರಾಚಯ್ಯಣ್ಣನ ಮೇಲೆ. ಇನ್ನೊಂದು ಮೂಟೆ ಕಮ್ಮಿಯಾದರೂ ಪೊಲೀಸಿಗೆ ಒಪ್ಪಿಸ್ತೀನಿ ಅಂತ ಸಾಹುಕಾರ್ ಅಬ್ದುಲ್ ರಹೀಂ ಹೇಳಿಬಿಟ್ಟಿದ್ದರು.

"ನಾನು ಸಾಕ್ಷಿ ಹೇಳ್ತೀನಿ!"

"ನೀನೂ ಹರದನಹಳ್ಳಿಯೋಳು, ಅವ್ನೂ ಹರದನಹಳ್ಳಿಯೋನು. ಯಾರ್ ನಂಬ್ತಾರೆ ಬುಡು!"

ನಿಜ. ನಂಬೋದು ಕಳ್ಳತನ ಶುರುವಾದ ಮೇಲೆ ಹಾಕಿಸಿದ ಕ್ಯಾಮರಾನ ಮಾತ್ರ. ಅದರ ರೆಕಾರ್ಡಿಂಗ್ ಎಲ್ಲ ಮಹಡಿಯ ಸ್ಟೋರೇಜ್ ಬಾಕ್ಸಿಗೆ ಹೋಗುತ್ತೆ.

ಸೋಮಯ್ಯ ಗೋಡೆಯ ಮೇಲಿನ ನೀಲಿ ಕೇಬಲ್ ಹಿಡಿದ.

"ಇದೊಂದೇ ಅಲ್ವಾ? ಆದಿಲ್ ತೋರ್ಸಿದ್ದ."

ಆದಿಲ್!

ನಾವಿಬ್ಬರೂ ಚಾಮರಾಜನಗರದ ಒಂದೇ ಕ್ಯಾಮರಾ ಅಂಗಡಿಯ ಕೆಲಸಗಾರರು. ಆ ಬಾಕ್ಸಿಗೆ ಎರಡು ಕೇಬಲ್ ಎಳೆದಿದ್ದೆವು. ಅವನದೊಂದು, ನನ್ನದೊಂದು. ಎರಡನ್ನೂ ಸೇರಿಸಿ ಬಾಂಡಿಂಗ್ ಮಾಡಿದ್ದು ನಾನು. ಒಂದು ದುಡಿಯುತ್ತೆ, ಇನ್ನೊಂದು ಕಾಯುತ್ತೆ. ಮೊದಲನೆಯದು ಸತ್ತರೆ ಎರಡನೆಯದು ಕೆಲಸ ಎತ್ತಿಕೊಳ್ಳುತ್ತೆ.

ದುಡಿಯೋದು ಅವನದು. ಕಾಯೋದು ನನ್ನದು... ಮೂಟೆಗಳ ಹಿಂದೆ! ಡೆಮೋ ದಿನ ಎಲ್ಲರ ಮುಂದೆ ಅವನು ತೋರಿಸಿದ್ದು ತನ್ನದೊಂದನ್ನೇ. ಅವತ್ತು ಹೊಟ್ಟೆ ಉರಿದಿತ್ತು. ಈಗ ಮತ್ತೆ ಉರಿಯಿತು.

"ನೀನೇನ್ ಕಡ್ದು ಗುಡ್ಡೆ ಆಕಿದ್ದೀಯ ಇಲ್ಲಿ? ಅವ್ನ್‌ಗೆ ಏಣಿ ಇಡ್ಕಳಕ್ ಬಂದಿದ್ದಾ?" ಅಂದ ಸೋಮಯ್ಯ.

ನಾಲಿಗೆ ತುದಿಗೆ ಬಂದಿತ್ತು... ನಂದೂ ಒಂದಿದೆ ಕಣೋ, ಅಲ್ನೋಡು!

ನುಂಗಿದೆ.

"ಹೂಂ. ಏಣಿ ಹಿಡ್ಕೊಳ್ಳೋಕೆ."

ಆಳುಗಳು ಗೊಳ್ಳೆಂದು ನಕ್ಕರು. ಕಟಕ್! ಕೇಬಲ್ ತುಂಡಾಯಿತು.

ಮೂಟೆಗಳ ಸಂದಿಯಲ್ಲಿ, ಕೇಬಲ್ ಸಿಕ್ಕಿಸಿದ ಸ್ವಿಚ್ ಡಬ್ಬಿಯಲ್ಲಿ, ಒಂದು ಹಸಿರು ದೀಪ ಪಟಪಟ ಮಿಟುಕತೊಡಗಿತು. ನನ್ನದು! ನಾನು ಮತ್ತೆ ಆ ಕಡೆ ನೋಡಲೇ ಇಲ್ಲ.

ತುಂಬಿದ ಮೇಲೆ ಸೋಮಯ್ಯ ನನ್ನನ್ನು ಪಕ್ಕಕ್ಕೆ ತಳ್ಳಿ ಲಾರಿ ಹತ್ತಿದ. ಲಾರಿ ಕೇರಳದ ರಸ್ತೆ ಹಿಡಿಯಿತು. ಹಿಂದೆ ನಾನು, ಸ್ಕೂಟರಿನಲ್ಲಿ. ಒಂದು ಕೈಯಲ್ಲಿ ಫೋನು.

"ಸಾಹುಕಾರ್ರೇ, ರೆಕಾರ್ಡಿಂಗ್ ನೋಡಿ! ಈಗ್ಲೇ!"

ಅವರು ನೋಡಿ ಫೋನ್ ಮಾಡಿದ್ದೇ, ಪೊಲೀಸರು ಚೆಕ್‌ಪೋಸ್ಟಿನಲ್ಲಿ ಲಾರಿ ಹಿಡಿದರು. ರಾಚಯ್ಯಣ್ಣ ಉಳಿದ.

ಸಂಜೆ ಗೋಡೌನಿನಲ್ಲಿ ಸಾಹುಕಾರ್ರು ಬೆನ್ನು ತಟ್ಟಿದ್ದು ಮಾತ್ರ ಆದಿಲ್‌ದು.

"ಶಹಬ್ಬಾಸ್ ಬೇಟಾ! ಎಂಥಾ ತಲೆ!"

"ಅದಕ್ಕೇ ಚಾಚಾ, ಎರಡನೇದನ್ನ ಬೇಕಂತ್ಲೇ ಯಾರಿಗೂ ತೋರಿಸ್ಲಿಲ್ಲ," ಅಂದ ಅವನು. ನನ್ನ ಕಡೆ ತಿರುಗಲೂ ಇಲ್ಲ.

ಬೇಕಂತಲೇ ಮುಚ್ಚಿಟ್ಟಿದ್ದನೋ, ನನ್ನ ಕೇಬಲ್ ಅವನ ಲೆಕ್ಕಕ್ಕೇ ಇರಲಿಲ್ಲವೋ... ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.

ಯಾವುದು ನಿಜವಾದರೂ ಉರಿಯೋ ಹೊಟ್ಟೆ ನಂದೇ!