ಆರು ಪೆಟ್ಟಿಗೆ ದುಂಬಿಗಳು

ಮುಚ್ಚಳ ತೆಗೆದರೂ ಸದ್ದಿಲ್ಲ. ತಳದಲ್ಲಿ ನಾಲ್ಕಾರು ಮುದಿ ದುಂಬಿಗಳು ತೆವಳುತ್ತಿದ್ದವು—ಅಷ್ಟೇ. ಆರನೆಯ ಪೆಟ್ಟಿಗೆಯ ಗತಿಯೂ ಇದೇ.

ಅಲೈದಾ ಸೊಂಟ ಹಿಡಿದುಕೊಂಡು ಎದ್ದಳು. ವೆಸ್ಟ್‌ಲ್ಯಾಂಡಿನ ಗಾಜುಮನೆಗಳಿಗೆ ಪರಾಗಸ್ಪರ್ಶಕ್ಕೆಂದು ದುಂಬಿ ಒದಗಿಸುವ ಕಂಪನಿಯ ತನಿಖೆಗಾರ್ತಿ ಅವಳು. ಸತ್ತ ಗೂಡು ನೋಡಿ ನೋಡಿ ಅವಳಿಗೆ ಸಾಕುಸಾಕಾಗಿತ್ತು.

ಟೊಮೆಟೊ ಬೆಳೆಗಾರ ಟ್ಯೂನಿಸ್‌ಗೆ ಅನುಮಾನವೇ ಇರಲಿಲ್ಲ. "ಇನ್ನೇನು ಹುಡುಕ್ತೀರಿ? ಶುಕ್ರವಾರ ಔಷಧಿ ಹೊಡೆದೋನು ಈ ಲೆಷೆಕ್. ಪೆಟ್ಟಿಗೆ ಬಾಗಿಲು ಮುಚ್ಚದೇ ಹೊಡೆದಿದ್ದಾನೆ. ಇವತ್ತೇ ಜಾಗ ಖಾಲಿ ಮಾಡ್ಲಿ!"

"ಮುಚ್ಚಿದ್ದೆ ಮೇಡಂ," ಅಂದ ಕೆಲಸಗಾರ ಲೆಷೆಕ್.

ಕೆಲಸ ಹೋದರೆ ಯಜಮಾನ ಕೊಟ್ಟ ಕೋಣೆಯೂ ಹೋಗುತ್ತಿತ್ತು. ಪೋಲೆಂಡಿನಿಂದ ಲೆಷೆಕ್‌ನ ಹೆಂಡತಿ, ಮಗಳು ಬರುವವರಿದ್ದರು. ಅವನ ಚೀಲ ಆಗಲೇ ಬಾಗಿಲ ಬಳಿ ಕೂತಿತ್ತು.

ಅಲೈದಾ ಗೂಡಿನ ಬಾಯಿಯಲ್ಲಿದ್ದ ಕಸವನ್ನು ಅಂಗೈಗೆ ಹಾಕಿಕೊಂಡಳು. ಒಣಗಿದ ಬಿಳಿ ಮರಿಹುಳಗಳು! ಗಿಡದತ್ತ ತಿರುಗಿದಳು.

"ಟ್ಯೂನಿಸ್, ಗಿಡ ವಾರಕ್ಕೊಂದು ಗೊಂಚಲು ಬಿಡುತ್ತೆ ತಾನೇ?"

"ಹೌದು."

"ಕೆಳಗಿನದರಲ್ಲಿ ತುಂಬ ಕಾಯಿ. ಅದರ ಮೇಲಿನದರಲ್ಲಿ ಕಮ್ಮಿ. ಅದಕ್ಕಿಂತ ಮೇಲೆ ಇನ್ನೂ ಕಮ್ಮಿ. ತುದಿ ಹೂವಲ್ಲಿ ದುಂಬಿ ಕಚ್ಚಿದ ಕಂದು ಗುರುತೇ ಇಲ್ಲ. ಶುಕ್ರವಾರ ಒಂದೇ ಸಲಕ್ಕೆ ಸತ್ತಿದ್ರೆ ಹೀಗಿರ್ತಿತ್ತಾ?"

ಟ್ಯೂನಿಸ್ ಗೊಂಚಲುಗಳನ್ನು ಎತ್ತೆತ್ತಿ ನೋಡುವಾಗ ಅಲೈದಾ ಅಂಗೈಯ ಮರಿಹುಳಗಳನ್ನು ಅವನತ್ತ ಚಾಚಿದಳು.

"ದೊಡ್ಡವು ಮುದಿಯಾಗಿ ಸತ್ತವು. ಅವುಗಳ ಜಾಗಕ್ಕೆ ಬರಬೇಕಾದ ಮರಿಗಳೇ ಬದುಕ್ಲಿಲ್ಲ. ದೊಡ್ಡವು ಪೆಟ್ಟಿಗೆಯಲ್ಲಿಟ್ಟ ಸಕ್ಕರೆ ಪಾಕದ ಮೇಲೆ ಬದುಕ್ತವೆ. ಮರಿಗಳಿಗೆ ಪರಾಗವೇ ಊಟ. ವಿಷ ಇದ್ದದ್ದು ಅದರಲ್ಲಿ. ಹೋದ ತಿಂಗಳು ಹನಿ ನೀರಾವರಿ ನೀರಿಗೆ ಏನು ಬೆರೆಸಿದ್ರಿ?"

"ಬಿಳಿನೊಣದ ಔಷಧಿ... ಹೂವಿಗಲ್ಲಾರೀ, ಬೇರಿಗೆ! ರಾತ್ರಿಯಿಡೀ ಪೆಟ್ಟಿಗೆ ಮುಚ್ಚಿಟ್ಟು, ಬೆಳಿಗ್ಗೆ ತೆಗೆದೆ."

"ಬೇರು ಕುಡಿದದ್ದು ಹೂವಿಗೆ ಹತ್ತದೇ ಇರುತ್ತಾ? ವಾರಗಟ್ಟಲೆ ಹತ್ತುತ್ತೆ. ಇವುಗಳನ್ನ ಕೊಂದೋರು ನೀವೇ, ಟ್ಯೂನಿಸ್."

"ಆಗ ನಾನು ಊರಲ್ಲಿದ್ದೆ," ಅಂದ ಲೆಷೆಕ್ ಮೆಲ್ಲಗೆ. "ಮಗಳಿಗೆ ಚರ್ಚಲ್ಲಿ ಮೊದಲ ಪ್ರಸಾದ ಕೊಡೋ ಶಾಸ್ತ್ರ ಇತ್ತು. ರಜೆ ಕೊಟ್ಟೋರು ನೀವೇ ಯಜಮಾನ್ರೇ."

ಟ್ಯೂನಿಸ್ ಮುಖ ಒರೆಸಿಕೊಂಡ. "ಹೊಸ ಪೆಟ್ಟಿಗೆ ನಾಳೆ ಕಳಿಸ್ತೀರಲ್ಲ?"

"ಈ ಗಿಡ ಇನ್ನೂ ವಿಷವನ್ನೇ ಬಡಿಸ್ತಿದೆ. ಕಳಿಸಲ್ಲ. ಕಾಯಿ ಕಟ್ಟಬೇಕಂದ್ರೆ ಹಳೇ ಕಾಲದ ಹಾಗೆ ಒಂದೊಂದೇ ಹೂ ಕೈಯಲ್ಲಿ ಅಲ್ಲಾಡಿಸಿ."

"ಇಷ್ಟು ಹೂವಿಗೆ ಕೈ ಎಲ್ಲಿಂದ ತರಲಿ?"

ಅಲೈದಾ ಅಂಗೈಯ ಕಸ ಕೊಡವಿಕೊಂಡಳು. ಅವಳಿಗೆ ಮನೆ ಸೇರಿದರೆ ಸಾಕಾಗಿತ್ತು. ಬಾಗಿಲ ಬಳಿಯ ಚೀಲದ ಕಡೆ ನೋಡಿದಳು, ಅಷ್ಟೇ.

ಟ್ಯೂನಿಸ್ ಹೋಗಿ ಚೀಲ ಎತ್ತಿಕೊಂಡು ಲೆಷೆಕ್‌ನ ಕೋಣೆಯತ್ತ ಹೊರಟ.

"ಕೆಳಗಿಡಿ," ಅಂದ ಲೆಷೆಕ್. "ಮೊದಲು ತಪ್ಪಾಯ್ತು ಅನ್ನಿ. ಆಮೇಲೆ ಚೀಲ."

ಟ್ಯೂನಿಸ್ ಚೀಲ ಕೆಳಗಿಟ್ಟ. ಟೋಪಿ ತೆಗೆದ.