ಕುಂಟಿಯ ಗರಿ

"ಒಳಗೆ ಬರಬೇಡಿ! ಅಲ್ಲೇ ನಿಲ್ಲಿ!"

ಪ್ರಯೋಗಾಲಯದ ಗಾಜಿನ ಬಾಗಿಲಿನಾಚೆ ನಿಂತವನನ್ನು ಅವಳು ಗುರುತು ಹಿಡಿದಳು. ನಾಲ್ಕು ವರ್ಷ! ಕೂದಲು ಅಲ್ಲಲ್ಲಿ ನರೆತಿತ್ತು. ಬೂಟಿಗೆ ಅದೇ ಕೆಸರು. ಕೈಯಲ್ಲಿ ಒಂದು ಐಸ್ ಪೆಟ್ಟಿಗೆ.

"ಗೊತ್ತು ಮೇಡಂ," ಎಂದ ಹಕ್ಕಿಯವನು. "ನಿಮ್ಮ ಕೋಣೆ ಕೆಡಿಸಿದವನು ನಾನೇ ಅಲ್ವಾ? ಪಾಠ ಚೆನ್ನಾಗಿ ಕಲ್ತಿದ್ದೀನಿ."

ಮೇಡಂ... 'ಪುಡಿಯಮ್ಮ' ಎಂದು ರೇಗಿಸುತ್ತಿದ್ದ ಬಾಯಿ ಅದು. ಹಳೆಯ ಮೂಳೆಗಳನ್ನು ಪುಡಿ ಮಾಡಿ, ಅವುಗಳಲ್ಲಿ ಉಳಿದ ಡಿಎನ್‌ಎ ಓದುವುದು ಅವಳ ಕೆಲಸ. ಜೌಗಿನಲ್ಲಿ ಉಳಿದಿದ್ದ ಏಳು ಕೊಕ್ಕರೆಗಳನ್ನು ಕಾಯುವುದು ಅವನ ಕೆಲಸವಾಗಿತ್ತು.

"ಪೆಟ್ಟಿಗೇಲಿ ಏನು?"

"ಕುಂಟಿ."

ಏಳರಲ್ಲಿ ಒಂದು ಕಾಲು ಕುಂಟುತ್ತಿದ್ದ ಹೆಣ್ಣು ಕೊಕ್ಕರೆ ಅದು. "ಉಳಿದವು?"

"ಇವಳೇ ಕೊನೆ. ಜೌಗಿಗೆ ಮಣ್ಣು ತುಂಬಿದ ಮೇಲೆ ಎಲ್ಲಿಗೆ ಹೋಗ್ತಾವೆ ಹೇಳಿ? ಬದುಕಿದ್ದಾಗ ಯಾರೂ ಕೇಳಲಿಲ್ಲ. ಡಿಎನ್‌ಎ ಆದ್ರೂ ಎತ್ತಿಟ್ಟುಕೊಳ್ಳಿ."

ಪೆಟ್ಟಿಗೆಯನ್ನು ಮೆಲ್ಲಗೆ, ಮಲಗಿದ ಮಗುವನ್ನು ಇಳಿಸುವಂತೆ ನೆಲದ ಮೇಲಿಟ್ಟು ಅವನು ಹೊರಟುಹೋದ. ತಿರುಗಿಯೂ ನೋಡಲಿಲ್ಲ.

ಊರಿನ ಸ್ವಂತ ಕೊಕ್ಕರೆಯ ಕುಲ ಎಂದೋ ನಶಿಸಿತು, ಈ ಏಳು ಬೇರೆಲ್ಲಿಂದಲೋ ಬಂದವು, ಜೌಗನ್ನು ಮುಚ್ಚಬಹುದು ಎಂಬುದು ನಾಲ್ಕು ವರ್ಷದ ಹಿಂದೆ ಅಧಿಕಾರಿಗಳ ವಾದವಾಗಿತ್ತು. ಜೌಗಿನ ತಳದಲ್ಲಿ ಮುನ್ನೂರು ವರ್ಷದ ಹಳೆಯ ಮೂಳೆಯೊಂದು ಸಿಕ್ಕಿತ್ತು. ಅದರ ಡಿಎನ್‌ಎ ಈ ಏಳರದ್ದಕ್ಕೆ ಹೊಂದಿದರೆ ಹಕ್ಕಿಗಳೂ ಉಳಿಯುತ್ತಿದ್ದವು, ಜೌಗೂ ಉಳಿಯುತ್ತಿತ್ತು.

ಹೊಂದಿತು! ಅಂದು ಇಬ್ಬರೂ ಕುಣಿದಾಡಿದ್ದರು.

ಆದರೆ ಮರುಪರಿಶೀಲನೆ ಮಾಡಿದವರು ತಲೆಯಾಡಿಸಿದರು. ಹಳೆಯ ಡಿಎನ್‌ಎ ಹಳೆಯ ಬಟ್ಟೆಯಂತೆ ಚಿಂದಿಯಾಗಿರಬೇಕು. ಇದು ಅಂಗಡಿಯಿಂದ ಈಗ ತಂದಂತಿದೆ. ಇದು ಮೂಳೆಯದಲ್ಲ, ಜೀವಂತ ಹಕ್ಕಿಯದು ಸೇರಿಕೊಂಡಿದೆ ಎಂದರು.

ಮೂಳೆ ಪುಡಿ ಮಾಡಿದ ದಿನ ಹಕ್ಕಿಯವನು ಕೊಕ್ಕರೆಗಳ ಗರಿಯ ಪೊಟ್ಟಣ ಕೊಡಲು ಬಂದಿದ್ದ. ಅವಳಿಗೆ ಅಷ್ಟೇ ಸಾಕಾಯಿತು.

"ನಿಮ್ಮ ಹಕ್ಕಿ ಉಳಿಸೋಕೆ ಬೇಕಂತಲೇ ಮಾಡಿದಿರಿ! ನನ್ನ ಮೂಗಿನ ಕೆಳಗೇ!" ಎಂದು ಎಲ್ಲರೆದುರು ಕೂಗಿದ್ದಳು.

ಅವನು ಒಂದು ಕ್ಷಣ ಅವಳ ತಲೆಗೂದಲನ್ನೇ ನೋಡಿದ. ಆಮೇಲೆ, "ಹೌದು. ತಪ್ಪು ನಂದೇ," ಎಂದ. ಕೆಲಸ ಬಿಟ್ಟು ಹೋದ, ಹಕ್ಕಿಗಳನ್ನು ಮಾತ್ರ ಬಿಡಲಿಲ್ಲ.

ಕುಂಟಿಯ ಡಿಎನ್‌ಎ ಓದಿ ಮುಗಿಸಿದ ಮಧ್ಯಾಹ್ನ, ಅವಳು ಅದನ್ನು ನಾಲ್ಕು ವರ್ಷದ ಹಿಂದಿನ ಆ ಕೆಟ್ಟ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿದಳು. ಯಾಕೆ ನೋಡಿದಳೋ, ದೇವರೇ ಬಲ್ಲ.

ಎರಡನ್ನೂ ಇನ್ನೊಮ್ಮೆ ಹೋಲಿಸಿದಳು. ಅಂದು ಸೇರಿಕೊಂಡದ್ದು ಯಾವುದೋ ಕೊಕ್ಕರೆಯದಲ್ಲ... ಕುಂಟಿಯದೇ!

ಕುಂಟಿ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅವನು ತಂದ ಪೊಟ್ಟಣಗಳೆಲ್ಲ ಉಳಿದ ಆರರದ್ದು. ಕುಂಟಿಯದೆಂದು ಈ ಕಟ್ಟಡಕ್ಕೆ ಬಂದದ್ದು ಒಂದೇ ಒಂದು ಗರಿ. ಮೂಳೆ ಪುಡಿ ಮಾಡಿದ ಆ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ, "ಅವಳಾಗಿಯೇ ಬೀಳಿಸಿಕೊಟ್ಟಳು, ನಿನಗೇ ಇರಬೇಕು," ಎಂದು ನಗುತ್ತಾ ಅವನು ಅವಳ ಮುಡಿಗೆ ಸಿಕ್ಕಿಸಿದ್ದ. ಅವಳು ಅದನ್ನು ತೆಗೆದು ಚೀಲದಲ್ಲಿಟ್ಟು, ಕೈ ತೊಳೆದು, ಒಳಗೆ ನಡೆದಿದ್ದಳು. ತಲೆ ತೊಳೆದಿರಲಿಲ್ಲ. 'ಒಂದು ಗರಿ ತಾನೇ' ಎಂದುಕೊಂಡಿದ್ದಳು. ಬಾಗಿಲ ಪುಸ್ತಕದಲ್ಲಿ 'ಇಂದು ಜೀವಂತ ಹಕ್ಕಿಯನ್ನಾಗಲಿ ಅದರ ಗರಿಯನ್ನಾಗಲಿ ಮುಟ್ಟಿಲ್ಲ' ಎಂಬ ಸಾಲಿನ ಕೆಳಗೆ ರುಜು ಹಾಕಿದ್ದಳು.

ಅವನಿಗೆ ಅಂದೇ ತಿಳಿದಿತ್ತು!

ಮೂಳೆಯ ಕೊನೆಯ ಚೂರು, ಬೆರಳ ತುದಿಯಷ್ಟು, ಇನ್ನೂ ಡಬ್ಬಿಯಲ್ಲಿತ್ತು. ಕೋಪದಲ್ಲಿ ಅವಳೇ ಅದನ್ನು ಮುಚ್ಚಿಟ್ಟಿದ್ದಳು. ಮೂರು ದಿನ ಯಾವ ಹಕ್ಕಿಯ ಬಳಿಯೂ ಸುಳಿಯದೆ, ತಲೆ ತೊಳೆದು ಬಂದಳು. ನಿಲುವಂಗಿ ಕೊಡುವ ಅಕ್ಕ, "ಮದುವೆ ಹೆಣ್ಣೂ ಇಷ್ಟು ಮೀಯಲ್ಲ ಕಣಮ್ಮ," ಎಂದು ನಕ್ಕಳು. ಅವಳಿಗೆ ನಗು ಬರಲಿಲ್ಲ.

ಮೂರು ವಾರದ ಮೇಲೆ ಉತ್ತರ ಬಂತು. ಚಿಂದಿಚಿಂದಿಯಾದ, ನಿಜಕ್ಕೂ ಹಳೆಯ ಡಿಎನ್‌ಎ. ಕುಂಟಿಯ ಕುಲದ್ದೇ.

ಭಗವಂತಾ... ಅಂದು ಬಂದ ದಾರಿ ತಪ್ಪಾಗಿದ್ದರೂ ಉತ್ತರ ಸರಿಯಾಗಿತ್ತು. ಕೂಗಾಡುವ ಬದಲು ಇನ್ನೊಮ್ಮೆ ಪರೀಕ್ಷಿಸಿದ್ದರೆ ಸಾಕಿತ್ತು.

ಅವಳು ಹೇಳಿ ಕಳಿಸಿದಳು. ಅವನು ಬಂದ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಎಲ್ಲ ಕೇಳಿದ.

"ಯಾಕೆ ಹೇಳಲಿಲ್ಲ ಅವತ್ತು?" ಎಂದಳು ಅವಳು.

"ಗರಿ ಮುಡಿಸಿದ್ದು ನಾನು. ನಿಮ್ಮ ಕೆಲಸ ಹೋಗೋದು ಬೇಡ ಅನ್ನಿಸ್ತು. ದೊಡ್ಡ ತ್ಯಾಗಿ ನಾನು!" ಅವನು ಕಹಿಯಾಗಿ ನಕ್ಕ. "ಬಾಯಿ ಬಿಟ್ಟಿದ್ರೆ ಅವತ್ತೇ ಮತ್ತೆ ಪರೀಕ್ಷೆ ಆಗ್ತಿತ್ತು. ಏಳೂ ಇರ್ತಿದ್ವು."

"ನನ್ನನ್ನ ಕ್ಷಮಿಸ್ತೀರಾ?"

"ಕ್ಷಮಿಸೋಕೆ ನಾನ್ಯಾರು? ಕುಂಟಿನ ಕೇಳಬೇಕಿತ್ತು."

ಅವಳು ಎದ್ದುಹೋಗಿ ಹಳೆಯ ಬಾಗಿಲ ಪುಸ್ತಕ ತಂದಳು. ಆ ದಿನದ ತನ್ನ ರುಜುವಿನ ಪಕ್ಕದಲ್ಲಿ ಬರೆದಳು: 'ಇದು ಸುಳ್ಳು. ಅಂದು ನಾನು ಗರಿ ಮುಡಿದಿದ್ದೆ.' ಅಕ್ಷರ ಒದ್ದೆಯಾಯಿತು.

"ಪುಡಿಯಮ್ಮಾ... ಇದನ್ನ ನೋಡಿದ್ರೆ ನಿನ್ನನ್ನ ಕೆಲಸದಲ್ಲಿ ಇಟ್ಟುಕೊಳ್ಳಲ್ಲ."

ನಾಲ್ಕು ವರ್ಷದ ಮೇಲೆ ಕೇಳಿದ ಆ ಹೆಸರು! ಅವಳು ಪುಸ್ತಕ ಮುಚ್ಚಿದಳು.

"ಇಟ್ಟುಕೊಳ್ಳೋದು ಬೇಡ. ಬರೆದಿದ್ದು ಉಳೀಲಿ. ಅವು ಇಲ್ಲಿಯವೇ ಆಗಿದ್ವು ಅನ್ನೋದೂ ಉಳೀಲಿ."

ಅವಳ ಕಣ್ಣೊರೆಸಲು ಎತ್ತಿದ ಕೈಯನ್ನು ಅವನು ಅರ್ಧಕ್ಕೇ ತಡೆದುಕೊಂಡ. "ಮುಟ್ಟಬಹುದಾ? ನನ್ನ ಮೈಯಲ್ಲಿನ್ನೂ ಕುಂಟಿ ಇದ್ದಾಳೆ."

"ಮುಟ್ಟು," ಎಂದಳು ಅವಳು. "ಇವತ್ತು ನಾನು ಒಳಗೆ ಹೋಗಲ್ಲ."